ಕಣ್ಣಿಗೆ ಹಬ್ಬ, ಕಿವಿಗೆ ಉಪವಾಸ

ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಬಾಗಿಲು ಕಾಯುವವನಿಂದ ಹಿಡಿದು ಸಂಪಾದಕರವರೆಗೆ ಎಲ್ಲರಿಗೂ ಅವಳು ತಕ್ಕಡಿಯಕ್ಕ. ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ‘ತಕ್ಕಡಿ’ ಅಂತ ಅವಳದೊಂದು ಅಂಕಣ ಬರುತ್ತಿತ್ತು. ಹೊಸದಾಗಿ ಬಂದ ವಿಡಿಯೊ ಗೇಮ್ ಒಂದನ್ನು ಆಡಿ ಮುಗಿಸಿ, ಅದರ ಗುಣ ಒಂದು ತಟ್ಟೆಗೆ, ದೋಷ ಇನ್ನೊಂದು ತಟ್ಟೆಗೆ ಹಾಕಿ ತೂಗಿ ಹೇಳುವುದು ಅವಳ ಕೆಲಸ. ಕೇಳಿದವರು ಮೊದಲು ನಗುತ್ತಾರೆ. ನಲವತ್ತು ದಾಟಿದ ಹೆಂಗಸು, ಶಾಲೆಗೆ ಹೋಗುವ ಮಗಳ ತಾಯಿ, ಬೆಳಗಾದರೆ ಕಂಟ್ರೋಲರ್ ಹಿಡಿದು ಕೂರುತ್ತಾಳೆ, ಅದಕ್ಕೆ ಸಂಬಳ ಬೇರೆ! ಊರಿನಲ್ಲಿದ್ದ ಅವಳ ಅತ್ತೆ ನೆಂಟರೆದುರು “ನಮ್ಮ ಸೊಸೆ ಪೇಪರಿನಲ್ಲಿದ್ದಾಳೆ” ಅಂತ ಹೇಳಿ, ಮುಂದಿನ ಪ್ರಶ್ನೆ ಬರುವ ಮುಂಚೆ ಕಾಫಿ ಮಾಡಲು ಎದ್ದು ಹೋಗುತ್ತಿದ್ದರು.

ನಗುವವರು ಅವಳು ಕೆಲಸ ಮಾಡುವುದನ್ನು ಒಮ್ಮೆ ನೋಡಬೇಕಿತ್ತು. ಅನ್ನ ಬೆಂದಿದೆಯೋ ಇಲ್ಲವೋ ನೋಡೋಕೆ ಒಂದು ಅಗುಳು ಸಾಕು ಅಂತ ಬೇರೆ ಪತ್ರಿಕೆಯವರು ಅರ್ಧ ದಿನ ಆಡಿ ಷರಾ ಬರೆದು ಕೈತೊಳೆದುಕೊಳ್ಳುತ್ತಾರೆ. ತಕ್ಕಡಿಯಕ್ಕ ಹಾಗಲ್ಲ. ಕೊನೆ ಮುಟ್ಟದೆ ಒಂದು ಸಾಲೂ ಬರೆದವಳಲ್ಲ. ಆಟ ಎಷ್ಟೇ ಕೆಟ್ಟದಾಗಿರಲಿ, ಹಲ್ಲು ಕಚ್ಚಿ ಮುಗಿಸುತ್ತಿದ್ದಳು. “ಮಾಡಿದವರು ವರ್ಷಗಟ್ಟಲೆ ಕೂತು ಮಾಡಿರ್ತಾರೆ. ನಾನು ಒಂದು ವಾರ ಕೂರೋಕಾಗಲ್ವಾ?” ಅನ್ನುವಳು.

ಇತ್ತೀಚಿನ ಆಟಗಳ ಮೇಲೆ ಅವಳ ತಕರಾರು ಒಂದೆರಡಲ್ಲ. ದೊಡ್ಡ ಕಂಪನಿಯವರು ಊರಗಲದ ನಕ್ಷೆ ಕೊಟ್ಟು ಅದರ ತುಂಬಾ ಚಿಲ್ಲರೆ ಕೆಲಸ ಸುರಿಯುತ್ತಾರೆ. ಗರಿ ಹೆಕ್ಕು, ಗೋಪುರ ಹತ್ತು, ಪೆಟ್ಟಿಗೆ ಒಡೆ, ಮತ್ತೆ ಗರಿ ಹೆಕ್ಕು. ‘ಮನೆಗೆಲಸ ಮಾಡಲು ನನಗೆ ನನ್ನ ಮನೆಯೇ ಇದೆ’ ಅಂತ ಒಮ್ಮೆ ಬರೆದಿದ್ದಳು. ಅರ್ಧ ಬೆಂದ ಆಟವನ್ನು ಮಾರಿ ಆಮೇಲೆ ತೇಪೆ ಹಾಕುವುದನ್ನು ಕಂಡರಂತೂ ಅವಳಿಗೆ ಮೈಯೆಲ್ಲ ಉರಿ. ಹಾಗಂತ ಹೊಗಳಬೇಕಾದಲ್ಲಿ ಕೈ ಬಿಗಿ ಹಿಡಿದವಳಲ್ಲ. ನೀರಿನ ಮೇಲೆ ಬಿದ್ದ ಸಂಜೆಯ ಬಿಸಿಲು, ಮುದುಕನೊಬ್ಬನ ಮುಖದ ಸುಕ್ಕು, ನೂರು ಸಲ ಸೋಲಿಸಿಯೂ ಒಮ್ಮೆಯೂ ಮೋಸ ಮಾಡದ ಒಂದು ಕಾಳಗ, ಇಂಥವನ್ನು ಕಂಡರೆ ಪುಟಗಟ್ಟಲೆ ಬರೆದು ಸಂಪಾದಕರಿಂದ ಬೈಸಿಕೊಳ್ಳುತ್ತಿದ್ದಳು.

ಆದರೆ ಈಚೆಗೆ ದೋಷದ ತಟ್ಟೆಗೆ ಒಂದೇ ಕಲ್ಲು ಮತ್ತೆ ಮತ್ತೆ ಬೀಳುತ್ತಿತ್ತು. ಅದು ಶಬ್ದದ್ದು. ಈಗಿನ ಆಟಗಳಲ್ಲಿ ಪಾತ್ರಗಳು ಬಾಯೊಳಗೇ ಮಾತಾಡುತ್ತವೆ, ಕತ್ತಿಗೆ ಕತ್ತಿ ತಾಗಿದರೆ ಖಣಿಲು ಇಲ್ಲ, ಎಲೆ ಎಲೆಯನ್ನೂ ಬಿಡಿಸಿದ ಕಾಡಿನಲ್ಲಿ ಒಂದು ಹಕ್ಕಿ ಕೂಗುವುದಿಲ್ಲ. ಮಾತೇನೋ ಪರದೆಯ ಕೆಳಗೆ ಅಕ್ಷರದಲ್ಲಿ ಬರುತ್ತದೆ, ಓದಿಕೊಂಡು ನಿಭಾಯಿಸಬಹುದು. ಆದರೆ ಇದೆಂಥ ಸೋಮಾರಿತನ? ‘ಇಂದಿನ ಆಟಗಳು ಕಣ್ಣಿಗೆ ಹಬ್ಬ, ಕಿವಿಗೆ ಉಪವಾಸ’ ಅಂತ ಬರೆದಳು. ಆ ಮಾತು ಓದುಗರ ಬಾಯಿಗೆ ಹತ್ತಿತು. ಗೇಮ್ ಮಾರುವ ಅಂಗಡಿಯವನೊಬ್ಬ ಅದನ್ನು ದಪ್ಪಕ್ಷರದಲ್ಲಿ ಬರೆಸಿ ತನ್ನ ಕುರ್ಚಿಯ ಹಿಂದೆ ಅಂಟಿಸಿಕೊಂಡ. ಒಬ್ಬಿಬ್ಬರು ಓದುಗರು ‘ನಮಗೆ ಹಕ್ಕಿ ಕೇಳಿಸಿತಲ್ಲ’ ಅಂತ ಬರೆದಾಗ, ಕಂಪನಿಯ ಚೇಲಾಗಳಿರಬೇಕು ಅಂತ ಅವಳು ತಳ್ಳಿಹಾಕಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಿಗೆ ನಾಲ್ಕನೇ ಕಾಲು ತೋರಿಸುವವರು ಯಾವಾಗಲೂ ಚೇಲಾಗಳೇ.

ಮನೆಯಲ್ಲಿ ಮೂವರು. ಗಂಡ ಡ್ರೈವಿಂಗ್ ಶಾಲೆಯ ಮೇಷ್ಟ್ರು. ವರ್ಷಾನುಗಟ್ಟಲೆ “ಬ್ರೇಕು! ಬ್ರೇಕು!” ಅಂತ ಕೂಗಿ ಕೂಗಿ ಗಂಟಲು ತಮಟೆಯಾಗಿತ್ತು. ಅವನು ಗುಟ್ಟು ಹೇಳಿದರೆ ಕೆಳಗಿನ ಮಹಡಿಯವರು ಉತ್ತರ ಕೊಡುತ್ತಿದ್ದರು. ಮಗಳಿಗೆ ಹನ್ನೆರಡು. ಹುಟ್ಟಿದಾಗಿನಿಂದ ಎಳೆ ದನಿ, ಅದಕ್ಕೇ ಎಲ್ಲರೂ ಗುಬ್ಬಿ ಅಂತಲೇ ಕರೆದದ್ದು. ಸಣ್ಣವಳಿದ್ದಾಗ ಬಾಯಿಗೆ ಬೀಗವೇ ಇರಲಿಲ್ಲ. ತಾಯಿ ಆಡುವಾಗ ಪಕ್ಕದಲ್ಲಿ ಕೂತು “ಅಮ್ಮಾ ಹಿಂದೆ ನೋಡು, ಅಮ್ಮಾ ಓಡು, ಅಮ್ಮಾ ಅವನಿಗೆ ಯಾಕೆ ಹೊಡೀತೀಯ ಪಾಪ” ಅಂತ ಒಂದೇ ಸಮ. ಅವಳ ಕಾಟ ತಾಳಲಾರದೆ ಹೆಡ್‌ಫೋನ್ ಹಾಕಿಕೊಂಡದ್ದು, ಗಂಡನ ಗದ್ದಲ ತಾಳಲಾರದೆ ಅದರ ಶಬ್ದ ಏರಿಸಿದ್ದು. ಅದೂ ನಿನ್ನೆ ಮೊನ್ನೆಯ ಮಾತಲ್ಲ.

ಈಗ ಗುಬ್ಬಿ ತಣ್ಣಗಾಗಿದ್ದಳು. ಶಾಲೆಯಿಂದ ಬಂದರೆ ತನ್ನ ಪಾಡಿಗೆ ತಿಂಡಿ ಹಾಕಿಕೊಂಡು ಕೋಣೆ ಸೇರುವಳು. ಕೂಗಾಟ ಇಲ್ಲ, ರಂಪ ಇಲ್ಲ. “ನಮ್ಮ ಗುಬ್ಬಿಗೆ ಎಷ್ಟು ಬುದ್ಧಿ ಬಂದಿದೆ ನೋಡ್ರೀ, ಮನೇಲಿ ಮಗು ಇದೆ ಅಂತಾನೇ ಗೊತ್ತಾಗಲ್ಲ” ಅಂತ ತಕ್ಕಡಿಯಕ್ಕ ಹೆಮ್ಮೆಪಡುತ್ತಿದ್ದಳು. ಗಂಡ ಮಾತ್ರ ಹೂಂ ಅನ್ನದೆ ಪೇಪರ್ ತಿರುವುತ್ತಿದ್ದ.

ಕಳೆದ ಚಳಿಗಾಲದಲ್ಲಿ ಗುಬ್ಬಿಗೆ ಜ್ವರ ಬಂದಾಗ ಜ್ವರದ ಕಡ್ಡಿ ಕಂಕುಳಲ್ಲಿಟ್ಟು ಕಾದೇ ಕಾದಳು. ಅದು ಕೀ ಅನ್ನಲೇ ಇಲ್ಲ. ಕೆಟ್ಟಿದೆ ಅಂತ ಎಸೆದು ಹೊಸದು ತಂದಳು. ಹೊಸದೂ ಹಾಗೇ ಇತ್ತು. “ಈಗೆಲ್ಲಾ ಹೀಗೇ, ಒಂದು ಸಾಮಾನೂ ನೆಟ್ಟಗಿರಲ್ಲ” ಅಂತ ಅಂಗಡಿಯವನಿಗೆ ಬೈದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ನಮ್ಮಕ್ಕನಿಗೆ ಕುಣಿಯಲು ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಹಾಗಾಗಿ ನೆಲವೇ ಡೊಂಕಿರಬೇಕು ಅನ್ನುವುದರಲ್ಲಿ ಅವಳಿಗೆ ಅನುಮಾನವೇ ಹುಟ್ಟಲಿಲ್ಲ.

ಅಂಥ ಹೊತ್ತಿಗೆ ‘ಮಂಜಿನಲ್ಲಿ ಅಜ್ಜಿ’ ಅನ್ನುವ ಆಟ ಅವಳ ಕೈಗೆ ಬಂತು. ಅಕ್ಕ ತಮ್ಮ ಇಬ್ಬರೇ ತಮ್ಮ ಮನೆಯ ಒಂದು ಕೋಣೆಯಲ್ಲಿ ಕೂತು ಮಾಡಿದ್ದ ಪುಟ್ಟ ಆಟ. ಬಿಡುಗಡೆಗೆ ಇನ್ನೂ ಸಮಯವಿತ್ತು. ಮೊದಲೇ ತೂಗಿ ನೋಡಲಿ ಅಂತ ಕಳಿಸಿದ್ದರು. ಊರಿಗೆ ಮಂಜು ಕವಿದಿದೆ, ಮೊಮ್ಮಗ ಕಾಣೆಯಾಗಿದ್ದಾನೆ, ಅಜ್ಜಿ ಊರುಗೋಲು ಹಿಡಿದು ಹುಡುಕಿಕೊಂಡು ಹೊರಡುತ್ತಾಳೆ. ಕತ್ತಿ ಇಲ್ಲ, ಬಂದೂಕು ಇಲ್ಲ, ಹೊಡೆದಾಟ ಇಲ್ಲ. ಅಜ್ಜಿ ಮೆಟ್ಟಿಲು ಹತ್ತುವಾಗ ಒಂದು ಕೈ ಸೊಂಟದ ಮೇಲಿಡುವುದನ್ನು ಕಂಡು ತಕ್ಕಡಿಯಕ್ಕನಿಗೆ ಕಣ್ಣು ತುಂಬಿ ಬಂತು. ಬಹಳ ದಿನಗಳ ಮೇಲೆ ಮನಸ್ಸು ಕೊಟ್ಟು ಆಡಿದಳು.

ಆಮೇಲೆ ಮಂಜಿನ ಬಯಲು ಬಂತು. ಪರದೆ ತುಂಬಾ ಬಿಳುಪು. ಎಡಕ್ಕೆ ಹೋದರೂ ಅದೇ, ಬಲಕ್ಕೆ ಹೋದರೂ ಅದೇ. ಗುರುತಿಲ್ಲ, ಬಾಣವಿಲ್ಲ, ಸುಳಿವಿಲ್ಲ. ಅಜ್ಜಿ ಹಳ್ಳಕ್ಕೆ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ತಕ್ಕಡಿಯಕ್ಕ ದಿನಗಟ್ಟಲೆ ಆ ಬಯಲಿನಲ್ಲಿ ಕಣ್ಣು ಕಟ್ಟಿದವಳ ಹಾಗೆ ಸುತ್ತಿ, ಕೊನೆಗೆ ಯಾವುದೋ ಬೇಲಿಯ ಪಕ್ಕ ಅದೃಷ್ಟಕ್ಕೆ ಹುಡುಗನನ್ನು ಎಡವಿದಳು. ಅಷ್ಟರಲ್ಲಿ ಅಜ್ಜಿಯ ಮೇಲಿನ ಪ್ರೀತಿಯೆಲ್ಲ ಆವಿಯಾಗಿತ್ತು. ಅಂಕಣದಲ್ಲಿ ಗುಣದ ತಟ್ಟೆಗೆ ಚಿತ್ರ, ಕಥೆ, ಅಜ್ಜಿಯ ನಡಿಗೆ ಹಾಕಿದಳು. ದೋಷದ ತಟ್ಟೆಗೆ ಹೀಗೆ ಬರೆದಳು: ‘ಆಟದ ಎದೆಯ ಭಾಗವಾದ ಮಂಜಿನ ಬಯಲು ಸಂಪೂರ್ಣ ಮೂಕ. ಇದನ್ನು ಮೌನ ಎಂದು ಕರೆಯುವವರಿದ್ದರೆ ಕರೆಯಲಿ, ನಾನು ಉಡಾಫೆ ಎನ್ನುತ್ತೇನೆ. ದಾರಿ ತೋರದೆ ಆಟಗಾರರನ್ನು ಅಲೆಸುವುದು ಕಷ್ಟದ ಆಟವಲ್ಲ, ಕೆಟ್ಟ ಆಟ.’

ಅಂಕಣ ಅಚ್ಚಾದ ಮರುವಾರ, ಆಟ ಮಾಡಿದ ಹುಡುಗಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ಆಫೀಸಿಗೇ ಬಂದಳು. ಜಗಳಕ್ಕೆ ಬಂದಿದ್ದಾಳೆ ಅಂತ ತಕ್ಕಡಿಯಕ್ಕ ಸೆರಗು ಬಿಗಿ ಮಾಡಿಕೊಂಡಳು. ನೋಡಿದರೆ ಹುಡುಗಿ ಕ್ಷಮೆ ಕೇಳಲು ಬಂದಿದ್ದಳು.

“ಮೇಡಂ, ತಪ್ಪಾಯ್ತು. ನಿಮಗೆ ಕಳಿಸಿದ ಕಾಪಿಯಲ್ಲಿ ಶಬ್ದ ಕೆಟ್ಟಿದೆ ಅನ್ಸುತ್ತೆ. ಆ ಬಯಲಲ್ಲಿ ಹುಡುಗ ಸೀಟಿ ಊದ್ತಾ ಇರ್ತಾನೆ. ಆ ಶಬ್ದ ಬಂದ ಕಡೆ ಅಜ್ಜಿ ಹೋಗಬೇಕು. ಇಡೀ ಆಟ ನಿಂತಿರೋದೇ ಅದರ ಮೇಲೆ. ಅದೇ ಕೇಳಿಸಿಲ್ಲ ಅಂದ್ರೆ ನೀವು ಬರೆದದ್ದು ನ್ಯಾಯವೇ. ನಾನೂ ನನ್ನ ತಮ್ಮನೂ ವಾರದಿಂದ ಹುಡುಕ್ತಿದ್ದೀವಿ, ಎಲ್ಲಿ ಕೆಟ್ಟಿದೆ ಅಂತ ಗೊತ್ತೇ ಆಗ್ತಿಲ್ಲ. ನಿಮ್ಮ ಮಿಷನ್ನಲ್ಲೇ ಒಂದ್ಸಲ ನೋಡ್ಲಾ?”

ಹುಡುಗಿಯ ಕಣ್ಣ ಕೆಳಗೆ ಕಪ್ಪಗಾಗಿತ್ತು. ತಕ್ಕಡಿಯಕ್ಕ ಜಾಗ ಬಿಟ್ಟುಕೊಟ್ಟಳು. ಪುಟ ವಿನ್ಯಾಸ ಮಾಡುವವನು, ಕ್ರೀಡಾ ಪುಟದವನು, ಇನ್ನೂ ಇಬ್ಬರು ಕುತೂಹಲಕ್ಕೆ ಸುತ್ತ ನಿಂತರು. ಹುಡುಗಿ ಮಂಜಿನ ಬಯಲು ತೆರೆದು ಹೆಡ್‌ಫೋನ್ ಕಿವಿಗಿಟ್ಟುಕೊಂಡಳು, ಹುಬ್ಬು ಗಂಟಿಕ್ಕಿ ಪುಟ ವಿನ್ಯಾಸದವನ ಕೈಗೆ ಕೊಟ್ಟಳು.

“ಕೇಳಿಸ್ತಿದೆಯಲ್ಲ, ಸೊಗಸಾಗಿ!” ಅಂದ ಅವನು. “ಪೀ… ಅಂತ. ಬಲಗಡೆಯಿಂದ. ಅಕ್ಕಾ, ನೀವೇ ನೋಡಿ.”

ತಕ್ಕಡಿಯಕ್ಕ ಹಾಕಿಕೊಂಡಳು. ಅಜ್ಜಿಯ ಹೆಜ್ಜೆ ಕೇಳಿಸಿತು. ದೂರದಲ್ಲಿ ಗಾಳಿಯ ಗುಂಯ್ ಕೇಳಿಸಿತು. ಅಷ್ಟೇ. ಅವಳು ಉಸಿರು ಬಿಗಿಹಿಡಿದು ಕಾದಳು. ಸುತ್ತ ನಿಂತವರ ಮುಖ ನೋಡಿದಳು. ಹೊರಕ್ಕೆ ಸೋರುತ್ತಿದ್ದ ಸಣ್ಣ ಸದ್ದಿಗೇ ಕ್ರೀಡಾ ಪುಟದವನು ತಲೆ ಆಡಿಸುತ್ತಿದ್ದ. ಎಲ್ಲರಿಗೂ ಕೇಳುತ್ತಿತ್ತು. ಅವಳೊಬ್ಬಳಿಗೆ ಇಲ್ಲ. ಕೀ ಅನ್ನದ ಜ್ವರದ ಕಡ್ಡಿಗಳು, ಹಕ್ಕಿ ಕೂಗದ ಕಾಡುಗಳು, ಬಾಯೊಳಗೇ ಮಾತಾಡುವ ಜನ, ಎಲ್ಲವೂ ಒಂದರ ಹಿಂದೊಂದು ಸಾಲಾಗಿ ಬಂದು ನಿಂತವು.

“ಹೌದಲ್ಲ,” ಅಂದಳು. “ಈಗ ಕೇಳಿಸ್ತಿದೆ. ಅವತ್ತು ಇರಲಿಲ್ಲ.”

ಹುಡುಗಿ ಇನ್ನಷ್ಟು ಬಾಡಿದಳು. “ಹಾಗಾದ್ರೆ ಒಂದೊಂದ್ಸಲ ಬರುತ್ತೆ, ಒಂದೊಂದ್ಸಲ ಹೋಗುತ್ತೆ ಅಂತಾಯ್ತು. ಅಂಥದ್ದು ಹುಡುಕೋದೇ ಕಷ್ಟ ಮೇಡಂ. ಇರ್ಲಿ, ಹುಡುಕ್ತೀವಿ. ನೀವು ಹೇಳದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ.” ಕೈಮುಗಿದು ಹೊರಟೂ ಹೋದಳು.

ಇಲ್ಲದ ತಪ್ಪನ್ನು ಹುಡುಕಲು ಇಬ್ಬರು ಮಕ್ಕಳನ್ನು ಕಳಿಸಿಕೊಟ್ಟು ತಕ್ಕಡಿಯಕ್ಕ ತನ್ನ ಕುರ್ಚಿಯಲ್ಲಿ ಕೂತಳು. ಆ ಮಾತು ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಆದರೆ ಯಾಕೆ ಬಂತು ಅನ್ನುವುದು ಚೆನ್ನಾಗಿ ತಿಳಿದಿತ್ತು. ಕಿವಿ ಕೇಳದವಳ ಕೈಗೆ ತಕ್ಕಡಿ ಯಾರು ಕೊಡುತ್ತಾರೆ? ಅವಳಿಗೆ ಬರುತ್ತಿದ್ದ ಕೆಲಸ ಅದೊಂದೇ. ನಿಜ ಹೇಳಿದರೆ ಅಂಕಣ ಹೋಗುತ್ತದೆ, ಹೇಳದಿದ್ದರೆ ಆ ಮಕ್ಕಳ ಆಟ ಹೋಗುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ದಿನವೆಲ್ಲ ಯಾರಾದರೂ ಪಕ್ಕದಲ್ಲಿ ಬಾಯಾಡಿಸಿದರೂ ತನ್ನ ವಿಷಯವೇ ಇರಬೇಕು ಅನ್ನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗತಿ ಬಂತಲ್ಲ ಅಂತ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಗಂಡನಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋದಳು. ದಪ್ಪ ಗೋಡೆಯ ಸಣ್ಣ ಪೆಟ್ಟಿಗೆಯಂಥ ಕೋಣೆ, ಗಾಜಿನಾಚೆ ಡಾಕ್ಟರಮ್ಮ. ಕೈಗೆ ಒಂದು ಗುಂಡಿ ಕೊಟ್ಟು “ಶಬ್ದ ಕೇಳಿದಾಗಲೆಲ್ಲ ಒತ್ತಿ, ಅಷ್ಟೇ” ಅಂದರು. ಗುಂಡಿ! ಆ ಕೈಗೆ ಗುಂಡಿ ಕೊಟ್ಟರೆ ಕೇಳಬೇಕೆ? ಮೊದಲ ಕೆಲವು ಶಬ್ದ ಕೇಳಿದಳು, ಒತ್ತಿದಳು. ಆಮೇಲೆ ಶಬ್ದ ನಿಂತಿತು. ಆದರೆ ಅಷ್ಟರಲ್ಲಿ ಅವಳಿಗೆ ಲಯ ಸಿಕ್ಕಿತ್ತು. ಡಾಕ್ಟರಮ್ಮನ ಭುಜ ಅಲುಗಿದರೆ ಒತ್ತಬೇಕು, ಸ್ವಲ್ಪ ಬಿಟ್ಟು ಮತ್ತೊಮ್ಮೆ. ಎಷ್ಟು ಆಟಗಳಲ್ಲಿ ಎಷ್ಟು ಶತ್ರುಗಳನ್ನು ಹೀಗೇ ಭುಜ ನೋಡಿ ಗೆದ್ದಿಲ್ಲ! ಕೊನೆ ಕೊನೆಗೆ ಒಂದನ್ನೂ ತಪ್ಪಿಸಲಿಲ್ಲ ಅನ್ನುವ ಉಮೇದಿನಲ್ಲಿ ಹೊರಬಂದಳು.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳಿಗೆ ತಿಳಿಯಲಿ ಅಂತ ನಿಧಾನವಾಗಿ, ತುಟಿ ಬಿಡಿಸಿ ಮಾತಾಡಿದರು. “ಅಮ್ಮಾ, ನಾನು ಶಬ್ದವೇ ಹಾಕದಿದ್ದಾಗಲೂ ನೀವು ಒತ್ತಿದ್ರಿ.”

ಅವಳಿಗೆ ತಲೆ ಎತ್ತಲಾಗಲಿಲ್ಲ.

“ಇದು ಗೆಲ್ಲೋ ಪರೀಕ್ಷೆ ಅಲ್ಲಮ್ಮ. ಸುಮ್ಮನೆ ಕೂತ್ಕೊಂಡು ಇನ್ನೊಂದ್ಸಲ ಮಾಡೋಣ. ಕೇಳದಿದ್ರೆ ಒತ್ತಬೇಡಿ.”

ಎರಡನೆಯ ಸಲ ಅವಳು ಕಣ್ಣು ಮುಚ್ಚಿಕೊಂಡು ಕೂತಳು. ಗುಂಡಿ ಕೈಯಲ್ಲಿ ಹಾಗೇ ಬೆಚ್ಚಗಾಯಿತು. ದಪ್ಪ ಶಬ್ದಗಳು ಪರವಾಗಿಲ್ಲ, ಸಣ್ಣ ಚೂಪು ಶಬ್ದಗಳು ಎರಡೂ ಕಿವಿಯಲ್ಲಿ ಬಹುಪಾಲು ಹೋಗಿವೆ, ಹೋದದ್ದು ತಿರುಗಿ ಬರುವುದಿಲ್ಲ ಅಂದರು ಡಾಕ್ಟರಮ್ಮ. ಯಂತ್ರ ಹಾಕಿಸಿದರೆ ಅನುಕೂಲವಾಗುತ್ತದೆ, ಆದರೆ ಮೊದಲಿನ ಹಾಗೆ ಅಲ್ಲ. ಗಂಡಸರ ದಪ್ಪ ದನಿ ಕೇಳುವುದರಿಂದ ಇಷ್ಟು ದಿನ ಗೊತ್ತಾಗಿಲ್ಲ. ಹಕ್ಕಿ, ಸೀಟಿ, ಚಿಕ್ಕ ಮಕ್ಕಳ ದನಿ, ಇಂಥವೇ ಮೊದಲು ಹೋಗುವುದು. ಕೊನೆಯ ಮಾತು ಕೇಳಿ ಅವಳಿಗೆ ಏನೋ ಚುಚ್ಚಿತು, ಆದರೆ ಏನು ಅಂತ ಆಗ ಹೊಳೆಯಲಿಲ್ಲ.

ಆ ಶನಿವಾರ ಆಟದ ಹುಡುಗಿಯಿಂದ ಸಂದೇಶ ಬಂತು. ‘ಮೇಡಂ, ತಪ್ಪು ಇನ್ನೂ ಸಿಕ್ಕಿಲ್ಲ. ಬಿಡುಗಡೆ ಮುಂದಕ್ಕೆ ಹಾಕಿದ್ದೇವೆ. ತಮ್ಮ ಶಬ್ದದ ಭಾಗವನ್ನೆಲ್ಲ ಅಳಿಸಿ ಮೊದಲಿನಿಂದ ಬರೆಯುತ್ತಿದ್ದಾನೆ.’

ತಕ್ಕಡಿಯಕ್ಕ ಫೋನನ್ನು ಮಗುಚಿಟ್ಟಳು. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಆ ಬಯಲನ್ನು ಇನ್ನೊಮ್ಮೆ ನೋಡಿಬಿಡೋಣ, ನಿಜವಾಗಿ ಎಲ್ಲಿ ಏನಿದೆ ತಿಳಿಯಲಿ ಅಂತ ಟಿವಿ ಮುಂದೆ ಕೂತಳು. ಹೆಡ್‌ಫೋನ್ ಮುಟ್ಟಲಿಲ್ಲ. ಗಂಡ ಯಾರಿಗೋ ಗಾಡಿ ಕಲಿಸಲು ಹೋಗಿದ್ದ. ಗುಬ್ಬಿ ಕೋಣೆಯಲ್ಲಿ ಓದುತ್ತಿದ್ದಳು.

“ಗುಬ್ಬೀ, ಬಾ ಇಲ್ಲಿ. ನನ್ನ ಪಕ್ಕ ಕೂತ್ಕೋ.”

ಗುಬ್ಬಿ ಬಾಗಿಲಲ್ಲೇ ನಿಂತಳು. ಏನೋ ಅಂದಳು. ತಾಯಿ ಅವಳ ತುಟಿ ನೋಡಿದಳು. ಇಷ್ಟು ದಿನ ಹೀಗೇ ತುಟಿ ನೋಡುತ್ತಿದ್ದೆನಲ್ಲ ಅಂತ ಈಗ ಹೊಳೆಯಿತು.

“ಏನಂದೆ?”

“ನೀನು ಆಡುವಾಗ ಹತ್ರ ಬರಬಾರದು ಅಂತ ನೀನೇ ಹೇಳಿದ್ದೆ ಅಂದೆ.”

“ಇವತ್ತು ಬಾ. ಒಂದು ಸಹಾಯ ಬೇಕು. ಇದರಲ್ಲಿ ಒಂದು ಸೀಟಿ ಕೇಳಿಸುತ್ತಂತೆ. ಯಾವ ಕಡೆಯಿಂದ ಬರುತ್ತೆ ಅಂತ ಕೈ ತೋರಿಸ್ತಾ ಹೋಗು.”

ಯಾಕೆ ಅಂತ ಗುಬ್ಬಿ ಕೇಳಲಿಲ್ಲ. ಸೋಫಾದ ಇನ್ನೊಂದು ತುದಿಯಲ್ಲಿ ಕೂತು ಕೈ ಚಾಚಿದಳು. ಎಡಕ್ಕೆ ಅಂದರೆ ಅಜ್ಜಿ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ದಿನಗಟ್ಟಲೆ ದಾರಿ ಬಿಡದಿದ್ದ ಬಯಲು ಈಗ ಹೆಜ್ಜೆ ಹೆಜ್ಜೆಗೂ ಬಿಚ್ಚಿಕೊಂಡಿತು. ಎಂಥ ಚೆಂದದ ಕೆಲಸ ಮಾಡಿದ್ದಾರೆ ಈ ಮಕ್ಕಳು ಅಂತ ಅವಳಿಗೆ ಒಂದು ಕಡೆ ಖುಷಿ, ಒಂದು ಕಡೆ ನಾಚಿಕೆ. ನಡುವೆ ಒಂದು ಕಡೆ ಅಜ್ಜಿಯನ್ನು ಬೇಲಿಯ ಹತ್ತಿರ ಸುಮ್ಮನೆ ಸುತ್ತಿಸಿದಳು. ಗುಬ್ಬಿಯ ಕೈ ಮೆಲ್ಲಗೆ ಕೆಳಗಿಳಿಯಿತು.

“ಯಾಕೆ? ಎಲ್ಲಿಂದ ಬರ್ತಿದೆ?”

“ಬರ್ತಿಲ್ಲ. ನಿಲ್ಲಿಸಿಬಿಟ್ಟ.”

“ಯಾಕಂತೆ?”

“ಎಷ್ಟು ಸಲ ಅಂತ ಊದ್ತಾನೆ?” ಗುಬ್ಬಿ ಟಿವಿಯನ್ನೇ ನೋಡುತ್ತಿದ್ದಳು, ತಾಯಿ ಅವಳ ತುಟಿಯನ್ನು. “ಅಜ್ಜಿಗೆ ಬರೋಕೆ ಇಷ್ಟ ಇಲ್ಲ ಅಂದ್ಕೊಂಡಿರ್ತಾನೆ.”

“ಪಾಪ, ಅಜ್ಜಿಗೆ ಕೇಳಿಸಿರಲ್ಲ.”

“ಕೇಳಿಸಿರುತ್ತೆ. ಕೇಳಿಸಿಯೂ ಬರಲ್ಲ. ಜಾಣ ಕಿವುಡು.”

ಹನ್ನೆರಡು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತು ಬಂದ ರೀತಿಗೆ ತಕ್ಕಡಿಯಕ್ಕನ ಕೈ ಕಂಟ್ರೋಲರಿನ ಮೇಲೆ ಹಾಗೇ ನಿಂತಿತು. ಇದು ಅಜ್ಜಿಯ ಮಾತಲ್ಲ ಅನ್ನುವುದು ತಿಳಿಯಲು ಕಿವಿ ಬೇಕಿರಲಿಲ್ಲ.

“ಗುಬ್ಬೀ, ನೀನು ನನ್ನನ್ನು ಕರೆಯೋದು ಬಿಟ್ಟಿದ್ದು ಯಾವಾಗಿಂದ?”

ಗುಬ್ಬಿ ಕಾಲು ಮೇಲೆಳೆದುಕೊಂಡು ಮಂಡಿ ಅಪ್ಪಿ ಕೂತಳು. ಆಮೇಲೆ ಹೇಳಿದಳು. ಹಿಂದಿನ ವರ್ಷ ಬಚ್ಚಲಿನ ಚಿಲಕ ಸಿಕ್ಕಿಹಾಕಿಕೊಂಡಿತ್ತಲ್ಲ, ಅವತ್ತಿಂದ. ದೀಪ ಬೇರೆ ಹೋಗಿತ್ತು. ಒಳಗಿನಿಂದ ಅಮ್ಮಾ ಅಮ್ಮಾ ಅಂತ ಕರೆದಳು, ಬಾಗಿಲು ಬಡಿದಳು, ಅತ್ತಳು. ಗೋಡೆಯಾಚೆ ಆಟದಲ್ಲಿ ಯಾರಿಗೋ ಹೊಡೆಯುತ್ತಾ ಅಮ್ಮ ಬೈದುಕೊಳ್ಳುವುದು ಅವಳಿಗೆ ಒಳಗಿನಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಅಪ್ಪ ಬಂದ ಮೇಲೆ ಚಿಲಕ ಬಿಚ್ಚಿದ್ದು. “ಅಮ್ಮಂಗೆ ಹೇಳ್ಬೇಡ ಅಂತ ನಾನೇ ಅಪ್ಪಂಗೆ ಹೇಳಿದೆ. ನಿಂಗೆ ಗೊತ್ತಿತ್ತಲ್ಲ, ಮತ್ತೆ ಯಾಕೆ ಹೇಳೋದು? ನಾನು ಕರೀತಿದ್ದೆ, ನೀನು ಆಡ್ತಿದ್ದೆ.”

ತಕ್ಕಡಿಯಕ್ಕನಿಗೆ ಆ ಸಂಜೆ ನೆನಪಿತ್ತು. ಗಂಡ ಸ್ಕ್ರೂಡ್ರೈವರ್ ಹಿಡಿದು ಓಡಾಡಿದ್ದು, ತಾನು ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿ “ಏನ್ರೀ ಗದ್ದಲ?” ಅಂದದ್ದು, ಅವನು ಮುಖ ತಿರುಗಿಸಿಕೊಂಡು “ಏನಿಲ್ಲ, ಚಿಲಕ” ಅಂದದ್ದು. ಆಮೇಲೆ ಬಂದ ಶಾಂತಿಯನ್ನು ಮಗಳ ಬುದ್ಧಿ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

“ನನಗೆ ಕೇಳಿಸಿರಲಿಲ್ಲ ಪುಟ್ಟಾ,” ಅಂದಳು. “ನನಗೆ ಕಿವಿ ಕೇಳಿಸಲ್ಲ.”

ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

“ಸುಳ್ಳು. ಅಪ್ಪ ಮಾತಾಡಿದ್ರೆ ಕೇಳಿಸುತ್ತಲ್ಲ?”

“ನಿಮ್ಮಪ್ಪನ ಮಾತು ಸತ್ತವರಿಗೂ ಕೇಳಿಸುತ್ತೆ. ನಿನ್ನಂಥ ಸಣ್ಣ ದನಿ ನನ್ನ ಕಿವಿಗೆ ಬೀಳಲ್ಲ. ಡಾಕ್ಟ್ರು ನೋಡಿ ಹೇಳಿದಾರೆ. ಈ ಸೀಟಿಯೂ ಕೇಳಿಸಲ್ಲ. ಅದಕ್ಕೇ ನಿನ್ನ ಕರೆದಿದ್ದು.”

ಗುಬ್ಬಿ ಅವಳನ್ನೇ ದಿಟ್ಟಿಸಿದಳು. ಎದ್ದು ಹೋಗಿ ಬೆನ್ನು ತಿರುಗಿಸಿ ನಿಂತಳು, ಕಿಟಕಿಯ ಕಡೆ ಮುಖ ಮಾಡಿ. ಭುಜ ಅಲುಗಿತು. ಏನೋ ಹೇಳಿದಳು ಅನ್ನಿಸಿತು. ತಕ್ಕಡಿಯಕ್ಕ ಕಾದಳು, ಊಹಿಸಿ ಉತ್ತರ ಕೊಡಲು ನಾಲಿಗೆ ತುದಿಯವರೆಗೆ ಬಂತು, ಕೊಡಲಿಲ್ಲ.

“ಕೇಳಿಸಲಿಲ್ಲ,” ಅಂದಳು.

ಗುಬ್ಬಿ ತಿರುಗಿದಾಗ ಮುಖವೆಲ್ಲ ಒದ್ದೆಯಾಗಿತ್ತು, ಆದರೆ ಅದು ಬರೀ ಅಳುವ ಮುಖವಾಗಿರಲಿಲ್ಲ. “ನಿಜವಾಗ್ಲೂ ಕೇಳಿಸಿರಲಿಲ್ವಾ? ಅವತ್ತೂ? ನಿಜವಾಗ್ಲೂ?” ಅಂತ ಅರಚಿದಳು. ಅದು ಕೇಳಿಸಿತು. ತನ್ನ ಕಿವಿ ಹೋಗಿದೆ ಅನ್ನುವ ಸುದ್ದಿ ಈ ಲೋಕದಲ್ಲಿ ಯಾರಿಗಾದರೂ ಸಮಾಧಾನ ಕೊಡಬಹುದು ಅಂತ ತಕ್ಕಡಿಯಕ್ಕ ಕನಸಿನಲ್ಲೂ ಎಣಿಸಿರಲಿಲ್ಲ. ಮಗಳನ್ನು ಎಳೆದು ಅಪ್ಪಿಕೊಂಡು ತಾನೂ ಅತ್ತಳು.

ಅತ್ತು ಮುಗಿದ ಮೇಲೆ ಫೋನ್ ತೆಗೆದಳು. ಆಟದ ಹುಡುಗಿಯ ದನಿಯೂ ಸಣ್ಣದೇ. ಗುಬ್ಬಿ ಪಕ್ಕದಲ್ಲಿ ಕೂತು ಆಚೆಯ ಮಾತನ್ನು ತಾಯಿಯ ಮುಖಕ್ಕೆ ಮುಖವಿಟ್ಟು ಹೇಳಿದಳು.

“ನಿಮ್ಮ ಆಟದಲ್ಲಿ ಏನೂ ಕೆಟ್ಟಿಲ್ಲಮ್ಮ. ಕೆಟ್ಟಿರೋದು ನನ್ನ ಕಿವಿ. ಆಫೀಸಿನಲ್ಲಿ ಕೇಳಿಸ್ತು ಅಂದಿದ್ದು ಸುಳ್ಳು. ತಮ್ಮಂಗೆ ಹೇಳು, ಅಳಿಸೋದು ನಿಲ್ಲಿಸಲಿ.”

ಗುಬ್ಬಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆಮೇಲೆ ನಿಧಾನವಾಗಿ, “ಅರ್ಧ ಅಳಿಸಿಯಾಗಿದೆಯಂತೆ. ಅವತ್ತೇ ಹೇಳಬಾರದಿತ್ತಾ ಅಂತ ಕೇಳ್ತಿದ್ದಾರೆ,” ಅಂದಳು. ಆಚೆಯವಳು ಫೋನ್ ಇಟ್ಟಳು. ಕ್ಷಮಿಸಿದೆ ಅನ್ನಲಿಲ್ಲ. ಯಾಕಾದರೂ ಅನ್ನಬೇಕು?

ಮುಂದಿನ ‘ತಕ್ಕಡಿ’ಯಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದಳು. ಕಿವಿಗೆ ಉಪವಾಸ ಅಂತ ತಾನು ದೂರಿದ್ದ ಅಷ್ಟೂ ಆಟಗಳ ಹೆಸರು ಹಾಕಿ, ಅವುಗಳಲ್ಲಿ ಹಕ್ಕಿಗಳಿದ್ದವಂತೆ, ನನ್ನ ಮಗಳು ಕೇಳಿ ಹೇಳಿದಳು ಅಂತ ಬರೆದಳು. ‘ಮಂಜಿನಲ್ಲಿ ಅಜ್ಜಿ’ಯ ದೋಷದ ತಟ್ಟೆಯಿಂದ ತನ್ನ ಕಲ್ಲು ತೆಗೆದು ಬೇರೊಂದು ಹಾಕಿದಳು: ಸೀಟಿ ಕೇಳದವರಿಗೆ ಪರದೆಯ ಮೇಲೆ ಒಂದು ಸಣ್ಣ ಗುರುತಾದರೂ ಬೇಕಿತ್ತು, ನಮ್ಮಂಥ ಅಜ್ಜಿಯರೂ ಇರುತ್ತಾರೆ. ಆ ಕಲ್ಲನ್ನು ಮಾತ್ರ ಅವಳು ಯಾರಿಗಾಗಿಯೂ ತೆಗೆಯಲು ತಯಾರಿರಲಿಲ್ಲ. ಸಂಪಾದಕರು ಓದಿ, ಕಾಗದ ಮಡಿಸಿ, “ಚೆನ್ನಾಗಿದೆ ಅಕ್ಕ. ಹಾಕೋಣ. ಆಮೇಲೆ ಸ್ವಲ್ಪ ದಿನ ಅಂಕಣ ನಿಲ್ಲಿಸೋಣ,” ಅಂದರು. ಸ್ವಲ್ಪ ದಿನ ಅಂದರೆ ಎಷ್ಟು ದಿನ ಅಂತ ಅವಳು ಕೇಳಲಿಲ್ಲ. ಈಗ ಓದುಗರ ಪತ್ರ ತಿದ್ದುವ ಕೆಲಸ ಕೊಟ್ಟಿದ್ದಾರೆ. ಅದಕ್ಕೆ ಕಣ್ಣಿದ್ದರೆ ಸಾಕು. ತಕ್ಕಡಿಯಕ್ಕ ಅನ್ನುವ ಹೆಸರು ಮಾತ್ರ ಹಾಗೇ ಉಳಿದಿದೆ, ಅದನ್ನು ಕೇಳಿದಾಗಲೆಲ್ಲ ಅವಳಿಗೆ ನೋವಾಗುತ್ತದೆ.

ಯಂತ್ರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಅವಳಿಗೊಂದು ಹೊಸ ಚಾಳಿ ಅಂಟಿಕೊಂಡಿದೆ. ಮಾಡುತ್ತಿರುವ ಕೆಲಸ ಬಿಟ್ಟು ತಟ್ಟನೆ ಎದ್ದು ಗುಬ್ಬಿಯ ಕೋಣೆಗೆ ಹೋಗಿ “ಕರೆದ್ಯಾ?” ಅನ್ನುವುದು. 

“ಇಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ. “ಕರೆದ್ಯಾ?”

“ಇಲ್ಲಮ್ಮಾ!”

ಡಾಕ್ಟರಮ್ಮ ನೋಡಿದರೆ ಶಬ್ದವೇ ಇಲ್ಲದೆ ಗುಂಡಿ ಒತ್ತುತ್ತಿದ್ದೀರಿ ಅಂತ ಮತ್ತೆ ಬೈದಾರು. ಬೈದರೆ ಬೈಯಲಿ. ನಿನ್ನೆ ಸಂಜೆ ಬಟ್ಟೆ ಮಡಿಸುತ್ತಿದ್ದವಳಿಗೆ ಹಾಗೇ ಅನ್ನಿಸಿತು. ಕೇಳಿದ್ದೋ, ಕೇಳಬೇಕು ಅನ್ನುವ ಆಸೆಯೋ, ಹೇಳಲಾಗದು. ಎದ್ದು ಹೋದಳು. ಗುಬ್ಬಿ ಮಂಚದ ಮೇಲೆ ಕಾಲು ಮಡಿಸಿಕೊಂಡು ಬಾಗಿಲ ಕಡೆಗೇ ನೋಡುತ್ತಾ ಕೂತಿದ್ದಳು.

“ಕರೆದ್ಯಾ?”

“ಹೂಂ.”

“ಏನು ಬೇಕು?”

“ಏನಿಲ್ಲ. ಸುಮ್ನೆ ಕರ್ದೆ.”

“ಎಷ್ಟು ಹೊತ್ತಿಂದ ಕರೀತಿದ್ದೀಯ?”

ಗುಬ್ಬಿ ದಿಂಬು ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು.

“ಬಂದ್ಯಲ್ಲ, ಬಿಡು.”